ಜರ್ಕಿನ್ ಜೇಬಿನ ಬೆಲ್ಲ ಮತ್ತು ವಿಮಾನದ ತೂಕ

ನಮ್ಮ ದೊಡ್ಡವ್ವ ಮೊದಲ ಸಲ ವಿಮಾನ ಹತ್ತಿದ್ದು ಈ ವರ್ಷ. ನಾಗಮಂಗಲ ತಾಲ್ಲೂಕಿನ ದೇವಲಾಪುರದಿಂದ ದೇವನಹಳ್ಳಿಗೆ, ಅಲ್ಲಿಂದ ದುಬೈಗೆ, ಮಗಳ ಬಾಣಂತನಕ್ಕೆ. ಬಿಟ್ಟು ಬರಲು ನಾನೂ ಜೊತೆಗೆ ಹೊರಟಿದ್ದೆ. ರಾಗಿಹಿಟ್ಟು, ಹುರುಳಿಕಾಳು, ಬೆಲ್ಲ, ಬಾಣಂತಿ ಖಾರ ಎಲ್ಲ ಕಟ್ಟಿಕೊಂಡಿದ್ದಳು. ಕೊಬ್ಬರಿಯನ್ನು ಮಾತ್ರ ಮನೆಯಲ್ಲೇ ಜಗಳ ಮಾಡಿ ತೆಗೆಸಿದ್ದೆ. ಒಣಕೊಬ್ಬರಿ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ಸರಕು ಅಂತ ವಿಮಾನದವರ ಪಟ್ಟಿಯಲ್ಲಿದೆ. ತೆಂಗಿನ ಸೀಮೆಯವರಿಗೆ ಇದನ್ನು ನಂಬಿಸುವುದು ಸುಲಭವಲ್ಲ.

ಕೌಂಟರ್‌ನಲ್ಲಿ ಬ್ಯಾಗು ತೂಗಿದಾಗ ಎರಡೂವರೆ ಕಿಲೋ ಜಾಸ್ತಿ ಬಂತು. ಕಿಲೋಗೆ ಇಷ್ಟು ಅಂತ ದುಡ್ಡು ಕಟ್ಟಬೇಕು. ನನ್ನ ಮುಖ ನೋಡಿದ ಕೌಂಟರಿನ ಹುಡುಗಿ ತಾನೇ ದಾರಿ ಹೇಳಿಕೊಟ್ಟಳು: “ಸರ್, ಸ್ವಲ್ಪ ಕೈಚೀಲಕ್ಕೆ ಹಾಕ್ಕೊಳ್ಳಿ, ಆಗೋಗುತ್ತೆ.” ಕೈಚೀಲ ಮೊದಲೇ ತುಂಬಿತ್ತು. ‘ಅಲ್ಲಿ ಎಸಿ ಜಾಸ್ತಿ ಕಣವ್ವ’ ಅಂತ ಮಗಳು ಹೇಳಿದ್ದಕ್ಕೆ ಕೊಂಡಿದ್ದ ಹೊಸ ಜರ್ಕಿನ್ನಿನ ನಾಲ್ಕು ಜೇಬಿಗೂ ಬೆಲ್ಲದ ಅಚ್ಚು ಸೇರಿದವು. ಬ್ಯಾಗು ಮತ್ತೆ ತೂಕಕ್ಕಿಟ್ಟೆವು. ಸರಿಯಾಗಿತ್ತು. ದೊಡ್ಡವ್ವ ಜರ್ಕಿನ್ ಏರಿಸಿಕೊಂಡು ನಡೆಯುತ್ತಾ ಕೇಳಿದಳು: “ಅಲ್ಲ ಕಣ್ಲಾ ಮಗ, ಬೆಲ್ಲ ಬ್ಯಾಗಲ್ಲಿದ್ರೂ ಜೇಬಲ್ಲಿದ್ರೂ ಅದೇ ಇಮಾನದಲ್ಲಿ ತಾನೆ ಓಗೋದು?”

ಉತ್ತರ ಕೊಡಲಾಗಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು ದಂಡ ಅನ್ನಿಸಿತು. ಬೆಲ್ಲ ಎಲ್ಲೂ ಹೋಗಿರಲಿಲ್ಲ, ಲೆಕ್ಕದಿಂದ ಮಾತ್ರ ಹೊರಗೆ ಹೋಗಿತ್ತು. ಅದು ಹೇಗೆ ಅಂತ ವಿವರಿಸುವುದಕ್ಕೇ ಈ ಬರಹ.

ಅಹಮದಾಬಾದ್ ದುರಂತದ ನಂತರ ವಾಟ್ಸಪ್‌ನಲ್ಲಿ ಓಡಾಡಿದ ಹತ್ತಾರು ಥಿಯರಿಗಳಲ್ಲಿ ‘ಓವರ್‌ಲೋಡ್’ ಅನ್ನುವುದೂ ಒಂದಿತ್ತು. 2025ರ ಜೂನ್ 12ರಂದು ಏರ್ ಇಂಡಿಯಾ 171 ನೆಲಕ್ಕೆ ಅಪ್ಪಳಿಸಿ 260 ಜನ ಸತ್ತರು. ಸರಿಯಾಗಿ ಒಂದು ತಿಂಗಳಿಗೆ ಬಂದ ಪ್ರಾಥಮಿಕ ವರದಿಯಲ್ಲಿ ಎಲ್ಲರ ಕಣ್ಣು ಇಂಧನದ ಸ್ವಿಚ್‌ಗಳ ಮೇಲೆ ಬಿತ್ತು, ಬೀಳಬೇಕಾದದ್ದೇ. ಅದೇ ವರದಿಯಲ್ಲಿ ಯಾರೂ ಚರ್ಚಿಸದ ಒಂದು ಸಾಲಿದೆ. ವಿಮಾನದಲ್ಲಿ 54,200 ಕಿಲೋ ಇಂಧನವಿತ್ತು, ಟೇಕಾಫ್ ತೂಕ 2,13,401 ಕಿಲೋ, ಅನುಮತಿ ಇದ್ದದ್ದು 2,18,183 ಕಿಲೋ. ಅಂದರೆ ಮಿತಿಯೊಳಗೇ ಇತ್ತು. ಓವರ್‌ಲೋಡ್ ಥಿಯರಿ ಅಲ್ಲಿಗೆ ಮುಗಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಂಖ್ಯೆಗಳ ಹಿಂದಿರುವ ಮಾತು: ‘ಲೋಡ್‌ಶೀಟ್ ಲೆಕ್ಕದ ಪ್ರಕಾರ’. ತೂಗಿ ನೋಡಿದ್ದಲ್ಲ, ಲೆಕ್ಕ ಹಾಕಿದ್ದು. ಇದು ಆ ವಿಮಾನದ ವಿಶೇಷವೇನಲ್ಲ. ಜಗತ್ತಿನ ಯಾವ ಪ್ರಯಾಣಿಕ ವಿಮಾನವನ್ನೂ ಹೊರಡುವ ಮುಂಚೆ ಲಾರಿಯ ಹಾಗೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುವುದಿಲ್ಲ. ಖಾಲಿ ವಿಮಾನವನ್ನು ಕೆಲವು ವರ್ಷಕ್ಕೊಮ್ಮೆ ಹ್ಯಾಂಗರ್‌ನಲ್ಲಿ ತೂಗುತ್ತಾರೆ. ಅದಕ್ಕೆ ಸಿಬ್ಬಂದಿ, ಊಟ-ನೀರು ಸೇರಿಸುತ್ತಾರೆ. ಬೆಲ್ಟ್ ಮೇಲೆ ಹೋಗುವ ಬ್ಯಾಗು ಮತ್ತು ಸರಕಿನ ತೂಕ ಗೊತ್ತಿರುತ್ತದೆ. ಇಂಧನ ಎಷ್ಟು ಹಾಕಿದರು ಅನ್ನುವುದೂ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ನಾವು, ಅಂದರೆ ಸೀಟಿನಲ್ಲಿ ಕೂತವರು. ನಮ್ಮನ್ನು ಎಣಿಸುತ್ತಾರೆ, ತೂಗುವುದಿಲ್ಲ. ಭಾರತದಲ್ಲಿ ಡಿಜಿಸಿಎ ನಿಯಮದ ಲೆಕ್ಕ ಹೀಗಿದೆ: ವಯಸ್ಕರಾದರೆ, ಗಂಡಾಗಲಿ ಹೆಣ್ಣಾಗಲಿ, 75 ಕಿಲೋ. 2ರಿಂದ 12 ವರ್ಷದ ಮಕ್ಕಳು 35. ಅದಕ್ಕಿಂತ ಚಿಕ್ಕ ಕೂಸು 10. ಬೆಲ್ಲವಿಲ್ಲದ ದೊಡ್ಡವ್ವ 52 ಕಿಲೋ, ನಾನು 88. ಇಬ್ಬರೂ ಕಾಗದದ ಮೇಲೆ 75.

ಹೀಗೆ ಕೂಡಿಸಿ ಬಂದ ಒಂದು ಹಾಳೆಯೇ ಲೋಡ್‌ಶೀಟ್. ಹೊರಡುವ ಕೆಲವೇ ನಿಮಿಷ ಮುಂಚೆ ಅದು ಕ್ಯಾಪ್ಟನ್ ಕೈಗೆ, ಈಗ ಬಹಳ ಕಡೆ ಕಾಕ್‌ಪಿಟ್‌ನ ಪರದೆಗೆ, ಬರುತ್ತದೆ. ಅದರ ಮೇಲೆ ಎಷ್ಟೆಲ್ಲ ನಿಂತಿದೆ ನೋಡಿ. ಯಾವ ವೇಗಕ್ಕೆ ಮೂತಿ ಎತ್ತಬೇಕು, ಯಾವ ವೇಗದವರೆಗೆ ಬ್ರೇಕ್ ಹಾಕಿ ನಿಲ್ಲಿಸಬಹುದು, ಎಂಜಿನ್‌ಗೆ ಎಷ್ಟು ಬಲ ಕೊಡಬೇಕು, ಎಲ್ಲವೂ ಆ ತೂಕದಿಂದಲೇ ಹುಟ್ಟುವ ಸಂಖ್ಯೆಗಳು. ವಿಮಾನಗಳು ಪ್ರತಿ ಸಲ ಪೂರ್ತಿ ಬಲ ಹಾಕಿ ಏರುತ್ತವೆ ಅಂತ ನಾವಂದುಕೊಂಡಿರುತ್ತೇವೆ. ಹಾಗಿಲ್ಲ. ಎಂಜಿನ್ ಸವೆಯದಿರಲಿ ಅಂತ, ಇದ್ದ ತೂಕಕ್ಕೆ ಮತ್ತು ರನ್‌ವೇಗೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತಾರೆ. ಆದ್ದರಿಂದ ತೂಕದ ಸಂಖ್ಯೆ ಸುಳ್ಳಾದರೆ ಬಲವೂ ಕಮ್ಮಿಯಾಗುತ್ತದೆ.

ಒಟ್ಟು ತೂಕ ಅರ್ಧ ಕಥೆ ಅಷ್ಟೆ. ಇನ್ನರ್ಧ, ಆ ತೂಕ ಎಲ್ಲಿ ಕೂತಿದೆ ಅನ್ನುವುದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರಿಗೆ ಏರೋನಾಟಿಕ್ಸ್ ಬೇಕಿಲ್ಲ. ಎತ್ತಿನ ಗಾಡಿ ತುಂಬುವವರಿಗೆ ಮುಂಭಾರ, ಹಿಂಭಾರ ಅನ್ನುವ ಮಾತು ಗೊತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲು ಅಮುಕುತ್ತದೆ. ಹಿಂಭಾರವಾದರೆ ನೊಗವೇ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಪಾಂಡವಪುರ, ಕೆ.ಆರ್. ಪೇಟೆ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಏರು ಹತ್ತುವಾಗ ಮುಂದಿನ ಚಕ್ರ ಎರಡೂ ಗಾಳಿಯಲ್ಲಿ ಆಡುವುದನ್ನು ಎಲ್ಲರೂ ನೋಡಿದ್ದೇವೆ. ಆ ಹೊತ್ತಿನಲ್ಲಿ ಸ್ಟೇರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ವಿಮಾನಕ್ಕೂ ಇದೇ ಪಾಡು. ಮುಂಭಾರವಾದರೆ ಮೂತಿ ಎದ್ದೇಳದು. ಹಿಂಭಾರವಾದರೆ ಮೂತಿ ತಾನಾಗೇ ಏಳುತ್ತದೆ, ಇಳಿಸಲು ಆಗುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ. ನಮ್ಮ ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನದಲ್ಲಿ ಹತ್ತುವ ಬಾಗಿಲು ಹಿಂದೆ ಇರುತ್ತದಲ್ಲ, ನಿಂತಾಗ ಅದರ ಬಾಲದ ಕೆಳಗೆ ಒಂದು ಕೋಲು ನೆಟ್ಟಿರುತ್ತಾರೆ. ಜನ ಹಿಂದಿನಿಂದ ಹತ್ತುವಾಗ ವಿಮಾನ ಹಿಂದಕ್ಕೆ ಕುಕ್ಕರಿಸದಿರಲಿ ಅಂತ ಕೊಟ್ಟ ಊರೆಗೋಲು ಅದು. ಅರ್ಧ ಖಾಲಿ ವಿಮಾನದಲ್ಲಿ ‘ಹಿಂದೆ ಸೀಟು ಖಾಲಿ ಇದೆಯಲ್ಲ’ ಅಂತ ಎದ್ದು ಹೋದರೆ ಗಗನಸಖಿ ಯಾಕೆ ತಡೆಯುತ್ತಾಳೆ ಅನ್ನುವುದಕ್ಕೂ ಇದೇ ಕಾರಣ.

ಈ ಹಾಳೆ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ದಾಖಲೆಯಲ್ಲಿರುವ ಕಥೆಗಳು ಬಹಳ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಿಂದ ದುಬೈಗೆ ಹೊರಟ ಎಮಿರೇಟ್ಸ್‌ನ ಏರ್‌ಬಸ್ ಎ340ರಲ್ಲಿ ಪೈಲಟ್‌ಗಳು ಲ್ಯಾಪ್‌ಟಾಪ್‌ಗೆ ತೂಕ ಹಾಕುವಾಗ 362.9 ಟನ್ ಬದಲು 262.9 ಅಂತ ಒತ್ತಿದರು. ಮೂರರ ಜಾಗದಲ್ಲಿ ಎರಡು, ಅಷ್ಟೇ. ಯಂತ್ರ ಅದಕ್ಕೆ ತಕ್ಕ ಬಲ, ಅದಕ್ಕೆ ತಕ್ಕ ವೇಗ ಕೊಟ್ಟಿತು. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ಮುಗಿದ ಮೇಲೂ ಓಡಿ, ಆಚೆಯಿದ್ದ ಆ್ಯಂಟೆನಾಗಳಿಗೆ ತಗುಲಿ, ಹೇಗೋ ಮೇಲೆದ್ದು ವಾಪಸ್ ಬಂದು ಇಳಿಯಿತು. ಒಳಗಿದ್ದ 275 ಜನರೂ ಉಳಿದರು. ಐದು ವರ್ಷ ಹಿಂದೆ, 2004ರ ಅಕ್ಟೋಬರ್‌ನಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಎಂಕೆ ಏರ್‌ಲೈನ್ಸ್‌ನ ಸರಕು ವಿಮಾನದವರಿಗೆ ಆ ಅದೃಷ್ಟ ಇರಲಿಲ್ಲ. ಹಿಂದಿನ ಹಾರಾಟದ ತೂಕವೇ ಲೆಕ್ಕಕ್ಕೆ ಸೇರಿಕೊಂಡಿತ್ತು. ಏಳು ಜನ ಸಿಬ್ಬಂದಿ, ಏಳೂ ಜನ ಸತ್ತರು.

ನನಗೆ ಹೆಚ್ಚು ಕಾಡಿದ್ದು ಸತ್ತವರಿಲ್ಲದ ಇನ್ನೊಂದು ಪ್ರಕರಣ. 2020ರ ಜುಲೈ 21, ಬರ್ಮಿಂಗ್‌ಹ್ಯಾಮ್‌ನಿಂದ ಮಯೋರ್ಕಾ ದ್ವೀಪಕ್ಕೆ ಹೊರಟ ಟುಯಿ ಕಂಪನಿಯ ಬೋಯಿಂಗ್ 737. ಬುಕಿಂಗ್ ಸಾಫ್ಟ್‌ವೇರ್ ಹೊಸದಾಗಿ ಅಪ್‌ಗ್ರೇಡ್ ಆಗಿತ್ತು. ಹೆಸರಿನ ಹಿಂದೆ ‘ಮಿಸ್’ ಅಂತಿದ್ದವರನ್ನೆಲ್ಲ ಅದು ಮಕ್ಕಳು ಅಂದುಕೊಂಡಿತು. ಆ ಪ್ರೋಗ್ರಾಂ ಬರೆದ ದೇಶದಲ್ಲಿ ಮಿಸ್ ಅಂದರೆ ಪುಟ್ಟ ಹುಡುಗಿಯಂತೆ, ಬ್ರಿಟನ್‌ನಲ್ಲಿ ಮದುವೆಯಾಗದ ಯಾವ ಹೆಂಗಸೂ ಮಿಸ್ಸೇ. ಹೀಗೆ 38 ಹೆಂಗಸರು 69 ಕಿಲೋ ಬದಲು 35 ಕಿಲೋ ಆಗಿಬಿಟ್ಟರು. ವಿಮಾನ ಕಾಗದದಲ್ಲಿದ್ದದ್ದಕ್ಕಿಂತ 1,244 ಕಿಲೋ ಹೆಚ್ಚು ಭಾರ ಹೊತ್ತು ಹಾರಿತು. ಅಂದು ಏನೂ ಆಗಲಿಲ್ಲ, ಬಲದಲ್ಲಿ ಕೊರತೆಯಾದದ್ದು ಕೂದಲೆಳೆಯಷ್ಟು. ಆದರೆ ಬೆಂಗಳೂರಿನಲ್ಲಿ ನಮ್ಮ ಬ್ಯಾಚಿನ ಅರ್ಧ ಜನ ಇಂಥ ಕೋಡನ್ನೇ ಬರೆದು ಸಂಸಾರ ನಡೆಸುತ್ತಿದ್ದಾರೆ. ಫಾರ್ಮಿನಲ್ಲಿ ಡ್ರಾಪ್‌ಡೌನ್ ಮಾಡುವಾಗ ‘ಮಿಸ್’ ಅಂದರೆ ಯಾರು ಅಂತ ಕೇಳಿದವರು ಅವರಲ್ಲಿ ಎಷ್ಟು ಮಂದಿ? ನಾನೂ ಎರಡು ವರ್ಷ ಅದೇ ಕೆಲಸ ಮಾಡಿದವನು. ಕೇಳಿದ ನೆನಪಿಲ್ಲ.

ಇವೆಲ್ಲ ಒತ್ತಿದ್ದು ತಪ್ಪಿದ, ಬರೆದದ್ದು ತಪ್ಪಿದ ಕಥೆಗಳು. ಯಾರೂ ತಪ್ಪು ಮಾಡದೆ, ನಿಯಮದ ಪ್ರಕಾರವೇ ಲೆಕ್ಕ ಹಾಕಿಯೂ ಹಾಳೆ ಸುಳ್ಳಾಗಬಹುದು. 2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ 19 ಸೀಟಿನ ಬೀಚ್ 1900 ವಿಮಾನ ಏರಿದ ಅರ್ಧ ನಿಮಿಷಕ್ಕೆ ಮೂತಿ ಆಕಾಶಕ್ಕೆ ಮಾಡಿ ಬಿತ್ತು. 21 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖೆಯಲ್ಲಿ ಎರಡು ಕಾರಣ ಸಿಕ್ಕವು. ಬಾಲದ ರೆಕ್ಕೆಯ ಕೇಬಲ್ ಅನ್ನು ದುರಸ್ತಿಯಲ್ಲಿ ತಪ್ಪಾಗಿ ಬಿಗಿದಿದ್ದರು, ಹಾಗಾಗಿ ಮೂತಿ ಇಳಿಸುವ ಶಕ್ತಿ ಕಮ್ಮಿಯಾಗಿತ್ತು. ಆದರೆ ಆ ದುರಸ್ತಿಯ ನಂತರವೂ ವಿಮಾನ ಹಲವು ಸಲ ಹಾರಿ ಇಳಿದಿತ್ತು. ಅಂದು ಬೆಳಿಗ್ಗೆ ಮಾತ್ರ ಸೀಟು ಭರ್ತಿ, ಹಿಂದೆ ಬ್ಯಾಗು ಭರ್ತಿ. ಲೋಡ್‌ಶೀಟ್ ಪ್ರಕಾರ ಎಲ್ಲ ಮಿತಿಯೊಳಗೆ. ನಿಜದಲ್ಲಿ ವಿಮಾನ ಸುಮಾರು 260 ಕಿಲೋ ಹೆಚ್ಚು ಭಾರವಿತ್ತು, ಹಿಂಭಾರದ ಮಿತಿಯನ್ನೂ ದಾಟಿತ್ತು. ಸರ್ಕಾರ ಕೊಟ್ಟ ಸರಾಸರಿಯನ್ನೇ ಅವರು ಹಾಕಿದ್ದರು. ಸರಾಸರಿಯೇ ಹಳೆಯದಾಗಿತ್ತು, ಅಮೆರಿಕನ್ನರು ಅಷ್ಟರಲ್ಲಿ ದಪ್ಪಗಾಗಿದ್ದರು. ಅಪಘಾತದ ನಂತರ ಅಲ್ಲಿಯ ವಾಯುಯಾನ ಇಲಾಖೆ ಪ್ರಯಾಣಿಕರನ್ನು ತೂಗಿ ನೋಡಿ ಸಂಖ್ಯೆ ಏರಿಸಿತು. 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾವು ಕೊಡುವ ಸಂಖ್ಯೆ ನಂಬಿ ಕೂರಬೇಡಿ, ನೀವೇ ಸಮೀಕ್ಷೆ ಮಾಡಿ ಅಂತ ಕಂಪನಿಗಳಿಗೇ ಹೊರಿಸಿತು.

ನಮ್ಮ 75ರ ವಿಷಯಕ್ಕೆ ಬರೋಣ. ಯುರೋಪಿನಲ್ಲಿ ದೊಡ್ಡ ವಿಮಾನಗಳಿಗೆ ಕೈಚೀಲವೂ ಸೇರಿ ವಯಸ್ಕರಿಗೆ 84 ಕಿಲೋ. ನಮ್ಮ ಸಂಖ್ಯೆ ಕಮ್ಮಿ ಇದೆ ಅನ್ನುವುದಷ್ಟರಿಂದಲೇ ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮೈಕಟ್ಟು ಬೇರೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015-16ರಲ್ಲಿ ಅಧಿಕ ತೂಕವಿರುವ ಹೆಂಗಸರು ಶೇ. 20.6 ಇದ್ದರು, 2019-21ಕ್ಕೆ ಶೇ. 24 ಆದರು. ಗಂಡಸರು ಶೇ. 18.9ರಿಂದ 22.9ಕ್ಕೆ ಏರಿದರು. ಇದು ಇಡೀ ದೇಶದ್ದು. ವಿಮಾನ ಹತ್ತುವ ವರ್ಗದಲ್ಲಿ ಇನ್ನೂ ಜಾಸ್ತಿಯೇ ಇರಬೇಕು ಅನ್ನುವುದು ನನ್ನ ಊಹೆ. ಆ ವರ್ಗವೂ ಬದಲಾಗಿದೆ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ಮೊದಲ ಸಲ ಹತ್ತಿದವರು ಈಗ ವರ್ಷಕ್ಕೆ ನಾಲ್ಕು ಸಲ ಹತ್ತುತ್ತಾರೆ, ಲ್ಯಾಪ್‌ಟಾಪು, ಚಾರ್ಜರು, ಡ್ಯೂಟಿ ಫ್ರೀ ಬಾಟಲಿಯ ಸಮೇತ.

ಇಲ್ಲಿ ದೊಡ್ಡವ್ವನ ಪ್ರಶ್ನೆ ಮತ್ತೆ ಬರುತ್ತದೆ. ಕಂಪನಿಗಳು ದುಡ್ಡು ಕೇಳುವುದು ತೂಗಿದ ಬ್ಯಾಗಿಗೆ. ಕೈಚೀಲಕ್ಕೆ 7 ಕಿಲೋ ಮಿತಿ ಅಂತ ಬೋರ್ಡಿದೆ, ಅದನ್ನು ತೂಗುವುದು ಅವರ ಮೂಡ್ ಮೇಲೆ. ಜೇಬನ್ನಂತೂ ಯಾರೂ ತೂಗುವುದಿಲ್ಲ. ಹಾಗಾಗಿ ದುಡ್ಡು ಉಳಿಸಲು ಪ್ರತಿಯೊಬ್ಬ ಪ್ರಯಾಣಿಕ ಮಾಡುವ ಕೆಲಸ ಒಂದೇ: ಅಳತೆ ಮಾಡಿದ ಭಾರವನ್ನು ಅಂದಾಜಿನ ಭಾರಕ್ಕೆ ವರ್ಗಾಯಿಸುವುದು. ಬೆಲ್ಲ ಬ್ಯಾಗಿನಲ್ಲಿದ್ದಾಗ ಲೋಡ್‌ಶೀಟಿನಲ್ಲಿತ್ತು. ಜೇಬಿಗೆ ಬಂದ ಮೇಲೆ 75ರೊಳಗೆ ಕರಗಿಹೋಯಿತು. ಹಾಗೆ ಕರಗಿಸಲು ಹೇಳಿಕೊಟ್ಟದ್ದು ಕಂಪನಿಯ ಕೌಂಟರೇ. ಆ ಹುಡುಗಿಯನ್ನು ದೂರುತ್ತಿಲ್ಲ, ಪಾಪ, ಉಪಕಾರ ಮಾಡಿದಳು. ಬೆಲೆಪಟ್ಟಿ ಬರೆದವರಿಗೆ ಇದು ಗೊತ್ತಿಲ್ಲವೇ ಅನ್ನುವುದು ನನ್ನ ಪ್ರಶ್ನೆ.

ಹಾಗಂತ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಬೇಕಿಲ್ಲ. ಲೆಕ್ಕ ಹಾಕಿ ನೋಡೋಣ. ತಲೆಗೆ 5 ಕಿಲೋ ತಪ್ಪಾಗಿದೆ ಅಂತಿಟ್ಟುಕೊಳ್ಳಿ. ಅಹಮದಾಬಾದಿನ ಆ ಬೋಯಿಂಗ್ 787ರಲ್ಲಿದ್ದ 230 ಪ್ರಯಾಣಿಕರಿಗೆ 1,150 ಕಿಲೋ ಆಯಿತು. 213 ಟನ್ನಿನಲ್ಲಿ ಅದು ಶೇ. ಅರ್ಧ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ 4,000 ಮೀಟರ್ ರನ್‌ವೇಯಲ್ಲಿ ಇದು ಗೊತ್ತೂ ಆಗುವುದಿಲ್ಲ. ನಿಯಮಗಳಲ್ಲಿ ಇಂಥದ್ದಕ್ಕೆಂದೇ ಅಂತರ ಬಿಟ್ಟಿರುತ್ತಾರೆ. ಅದೇ 78 ಸೀಟಿನ ಎಟಿಆರ್-72ರಲ್ಲಿ 390 ಕಿಲೋ, ಒಟ್ಟು 23 ಟನ್ನಿಗೆ ಶೇ. 1.7. ಜೊತೆಗೆ ಇನ್ನೊಂದು ತೊಡಕಿದೆ. ಸರಾಸರಿ ಅನ್ನುವುದು ದೊಡ್ಡ ಗುಂಪಿಗೆ ನಿಷ್ಠೆಯಿಂದಿರುತ್ತದೆ, ಸಣ್ಣ ಗುಂಪಿಗೆ ಕೈಕೊಡುತ್ತದೆ. 186 ಜನರ ವಿಮಾನದಲ್ಲಿ ಸಪೂರ ಇರುವವರೂ ದಪ್ಪ ಇರುವವರೂ ಬೆರೆತು ಸರಿದೂಗುತ್ತಾರೆ. 19 ಸೀಟಿನದ್ದಕ್ಕೆ ಒಂದು ಕಬಡ್ಡಿ ತಂಡ ಹತ್ತಿದರೆ ಸಾಕು, ಸರಾಸರಿ ತಲೆಕೆಳಗು. ಷಾರ್ಲೆಟ್‌ನಲ್ಲಿ ಬಿದ್ದದ್ದು ಸಣ್ಣ ವಿಮಾನ ಅನ್ನುವುದು ಕಾಕತಾಳೀಯವಲ್ಲ.

ಪಾಂಡವಪುರದ ಕಡೆ ಇರುವ ನಮ್ಮ ಸೋದರಮಾವ ಕಬ್ಬು ಬೆಳೆಯುತ್ತಾರೆ. ಒಂದು ಸಕ್ಕರೆ ಕಾರ್ಖಾನೆಯ (ಹೆಸರು ಬೇಡ) ತೂಕದ ಮೇಲೆ ಅವರಿಗೆ ನಂಬಿಕೆಯಿಲ್ಲ. ಹಾಗಾಗಿ ಕಾರ್ಖಾನೆಗೆ ಹೋಗುವ ಮುಂಚೆ ಲೋಡನ್ನು ದಾರಿಯಲ್ಲಿರುವ ಖಾಸಗಿ ವೇ ಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಇಟ್ಟುಕೊಳ್ಳುತ್ತಾರೆ. ಕಾರ್ಖಾನೆಯ ಚೀಟಿ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ತೆಗೆಯುತ್ತಾರೆ. ಒಂದೇ ಚೀಟಿ ಇದ್ದರೆ ಜಗಳಕ್ಕೂ ದಾರಿಯಿಲ್ಲ. ವಿಮಾನದ ಕ್ಯಾಪ್ಟನ್‌ಗೆ ಇರುವುದು ಹೆಚ್ಚುಕಮ್ಮಿ ಒಂದೇ ಚೀಟಿ. ಹಿಂದಿನ ದಿನಗಳ ತೂಕದ ಅಂದಾಜು ಅವರ ತಲೆಯಲ್ಲಿರುತ್ತದೆ, ತೀರಾ ಅಸಂಬದ್ಧ ಸಂಖ್ಯೆ ಬಂದರೆ ಹಿಡಿಯುತ್ತಾರೆ. ಮೆಲ್ಬರ್ನ್‌ನಲ್ಲಿ ಅದೂ ಆಗಲಿಲ್ಲ. ಕಾಲುಗಳಲ್ಲೇ ಸೆನ್ಸರ್ ಇಟ್ಟು ನಿಂತಲ್ಲೇ ತೂಕ ತೋರಿಸುವ ವ್ಯವಸ್ಥೆ ಕೆಲವು ಸರಕು ವಿಮಾನಗಳಲ್ಲಿ ಇದೆ. ಗಾಳಿಗೆ ರೆಕ್ಕೆ ಎತ್ತಿದರೂ ಅದರ ಓದು ಏರುಪೇರಾಗುತ್ತದೆ, ಆದ್ದರಿಂದ ಅದನ್ನೇ ಪೂರ್ತಿ ನಂಬಲಾಗದು. ಆದರೆ ಎರಡನೇ ಚೀಟಿಯಾಗಿ? ನೂರು ಟನ್ ತಪ್ಪನ್ನು ಹಿಡಿಯಲು ನಿಖರತೆ ಯಾಕೆ ಬೇಕು? ಪ್ರಯಾಣಿಕ ವಿಮಾನಗಳಲ್ಲಿ ಇದು ಸಾಮಾನ್ಯವಾಗದಿರುವುದಕ್ಕೆ ಖರ್ಚು ಬಿಟ್ಟು ಬೇರೆ ಗಟ್ಟಿ ಕಾರಣ ನನಗೆ ಕಾಣುತ್ತಿಲ್ಲ.

ಜನರನ್ನು ತೂಗುವುದು ಅವಮಾನವಲ್ಲವೇ ಅನ್ನುವ ಮಾತೂ ಇದೆ. 2023ರಲ್ಲಿ ಕೊರಿಯನ್ ಏರ್ ಹೀಗೆ ಮಾಡಹೋದಾಗ ಅಲ್ಲಿ ಗಲಾಟೆಯಾಯಿತು. ಅದೇ ವರ್ಷ ಏರ್ ನ್ಯೂಜಿಲೆಂಡ್ ಆಕ್ಲೆಂಡ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತೂಗಲು ಹೊರಟಿತು. ಒಪ್ಪಿದವರನ್ನಷ್ಟೇ, ಹೆಸರಿಲ್ಲದೆ, ಸಂಖ್ಯೆ ಅಲ್ಲಿ ನಿಂತ ಸಿಬ್ಬಂದಿಗೂ ಕಾಣದ ಹಾಗೆ. 2024ರ ಫೆಬ್ರವರಿಯಲ್ಲಿ ಫಿನ್‌ಏರ್ ಹೆಲ್ಸಿಂಕಿಯಲ್ಲಿ ಮಾಡಿತು. ದೊಡ್ಡವ್ವನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. “ತೂಗ್ಲಿ ಬುಡು, ಅದ್ರಲ್ಲೇನು ಮಾನ ಓಯ್ತದೆ” ಅಂದಳು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, “ಜರ್ಕಿನ್ ಬಿಚ್ಚಿ ತೂಗ್ತಾರೋ, ಆಕ್ಕಂಡೋ?” ಅಂತ ಕೇಳಿದಳು. ಬರುವಾಗ ಖರ್ಜೂರ ತರುವ ಆಲೋಚನೆ ಇರಬೇಕು.

ಇದು ನಮ್ಮ ಸೀಮೆಗೆ ಹತ್ತಿರದ ವಿಷಯ ಯಾಕೆಂದರೆ ಮುಂದೆ ನಾವು ಹತ್ತುವುದು ಹೆಚ್ಚಾಗಿ ಸಣ್ಣ ವಿಮಾನಗಳನ್ನೇ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಹತ್ತಿರದ ನಿಲ್ದಾಣ ಮೈಸೂರಿನ ಮಂಡಕಳ್ಳಿ. ಅಲ್ಲಿಯ ರನ್‌ವೇ 1,740 ಮೀಟರ್, ಬೆಂಗಳೂರಿನ ಅರ್ಧಕ್ಕಿಂತ ಕಮ್ಮಿ. ಅಷ್ಟುದ್ದಕ್ಕೆ ಹೊಂದುವುದು ಎಟಿಆರ್‌ನಂಥವೇ. ದಕ್ಷಿಣ ಪ್ರಸ್ಥಭೂಮಿಯ ಎತ್ತರಕ್ಕೆ ಗಾಳಿ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳುವಾಗಿ ರೆಕ್ಕೆಗೂ ಎಂಜಿನ್‌ಗೂ ಶಕ್ತಿ ಇಳಿಯುತ್ತದೆ. ದೊಡ್ಡ ನಿಲ್ದಾಣದಲ್ಲಿ ಅಂದಾಜಿನ ತಪ್ಪನ್ನು ಉದ್ದದ ರನ್‌ವೇ ನುಂಗಿಕೊಳ್ಳುತ್ತದೆ, ಇಲ್ಲಿ ನುಂಗಲು ಜಾಗ ಕಮ್ಮಿ. 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದ ಮೇಲೆ ಇಂಥ ಪುಟ್ಟ ನಿಲ್ದಾಣಗಳಿಗೆ ಸೇವೆ ಕೊಡುವುದೇ ಸರ್ಕಾರದ ಹೆಮ್ಮೆ. ಆ ಹೆಮ್ಮೆಯ ಜೊತೆಗೆ ತೂಕದ ಲೆಕ್ಕವೂ ಹೊಸದಾಗಬೇಕಲ್ಲ.

ಹಾಗಾಗಿ ಡಿಜಿಸಿಎಗೆ ನನ್ನ ಬೇಡಿಕೆ ಸಣ್ಣದು. ಮೈಸೂರು, ಹುಬ್ಬಳ್ಳಿ, ಬೆಂಗಳೂರು ಸೇರಿ ಹತ್ತಾರು ನಿಲ್ದಾಣಗಳಲ್ಲಿ, ಮದುವೆ ಸೀಸನ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಹತ್ತುವ ಬಾಗಿಲ ಬಳಿ, ಕೈಚೀಲ ಜರ್ಕಿನ್ ಸಮೇತ, ಒಪ್ಪಿದ ಪ್ರಯಾಣಿಕರನ್ನು ಹೆಸರಿಲ್ಲದೆ ತೂಗಲಿ. ಬಂದ ಸಂಖ್ಯೆ 75ರ ಆಸುಪಾಸಿನಲ್ಲೇ ಇದ್ದರೆ ಅದನ್ನೇ ಪ್ರಕಟಿಸಲಿ, ನಾನು ಇದೇ ಜಾಗದಲ್ಲಿ ತಪ್ಪೊಪ್ಪಿಕೊಂಡು ಬರೆಯುತ್ತೇನೆ. 82 ಬಂದರೆ ಅದನ್ನೂ ಪ್ರಕಟಿಸಲಿ. ಹಾಗಾದಾಗ ಎಟಿಆರ್‌ನಲ್ಲಿ ನಾಲ್ಕೈದು ಸೀಟು ಖಾಲಿ ಬಿಡಬೇಕಾಗಬಹುದು, ಇಲ್ಲವೇ ಸರಕು ಇಳಿಸಬೇಕಾಗಬಹುದು. ಕಂಪನಿಗಳು ಗೊಣಗುವುದು ಅಲ್ಲಿಯೇ, ಟಿಕೆಟ್ ದರ ಏರುವುದೂ ಅಲ್ಲಿಯೇ. ಎಷ್ಟು ಏರುತ್ತದೆ ಅನ್ನುವ ಚರ್ಚೆಯನ್ನು ಆಗ ಮಾಡೋಣ, ಸಂಖ್ಯೆ ಮೇಜಿನ ಮೇಲಿಟ್ಟುಕೊಂಡು.